ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳೇ ಹಾಸ್ಟೆಲ್ ಬೇಡ ಅಂದಿದ್ದು ಯಾಕೆ?

ನಿಮ್ಮ ಪ್ರಶ್ನೆ ಇದು: ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿಯಲ್ಲಿ ಮನೆ ಸಿಗದೆ ವಿದ್ಯಾರ್ಥಿಗಳು ಒದ್ದಾಡುತ್ತಾರೆ, ಆದರೂ ಪೀಪಲ್ಸ್ ಪಾರ್ಕಿನಲ್ಲಿ ಹಾಸ್ಟೆಲ್ ಕಟ್ಟಲು ಹೋದಾಗ ವಿದ್ಯಾರ್ಥಿಗಳೇ ಅಡ್ಡ ನಿಂತರು, ಯಾಕೆ? ನಿಮ್ಮ ತಂಗಿಗೆ ಅಲ್ಲಿ ಸೀಟು ಸಿಕ್ಕಿದೆ, ಮುಂದೆ ಆ ಕಟ್ಟಡದಲ್ಲಿ ರೂಮಿಗೆ ಅರ್ಜಿ ಹಾಕಿದರೆ ತಪ್ಪಾ ಅಂತಲೂ ಕೇಳಿದ್ದೀರಿ.

ನಾನು 2021ರಿಂದ ಎರಡು ವರ್ಷ ಆ ಊರಲ್ಲಿದ್ದೆ. ಪಾರ್ಕಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆ. ಮನೆ ಅಂದರೆ ಐದು ಜನ ಸೇರಿ ಹಿಡಿದ ಅಪಾರ್ಟ್‌ಮೆಂಟು. ನನ್ನ ಪಾಲಿಗೆ ಬಂದದ್ದು ಹಾಲಿನ ಒಂದು ಮೂಲೆ, ನಡುವೆ ಒಂದು ಪರದೆ. ಅದಕ್ಕೂ ಬಾಡಿಗೆ ಕಟ್ಟುವಾಗ ಕೈ ನಡುಗುತ್ತಿತ್ತು. ಹಾಸ್ಟೆಲ್ ಬೇಕು ಅನ್ನುವವರ ಸಂಕಟ ನನಗೆ ಚೆನ್ನಾಗಿ ಗೊತ್ತು. ಹಾಗಿದ್ದೂ 2022ರ ಆಗಸ್ಟ್ 3ರಂದು ಕಟ್ಟಡದ ಕೆಲಸಕ್ಕಾಗಿ ಕಡಿದ ಪಾರ್ಕಿನ ಮರಗಳು ಉರುಳಿಬಿದ್ದಿದ್ದನ್ನು ನೋಡಿ ನನಗೆ ಅಳು ಬಂತು.

ಒಂದು ಮಾತು ಮೊದಲೇ ಹೇಳಬೇಕು. ಎಲ್ಲ ವಿದ್ಯಾರ್ಥಿಗಳೂ ವಿರೋಧಿಸಲಿಲ್ಲ. ಕಟ್ಟಲಿ ಅಂದವರೂ ತುಂಬಾ ಜನ ಇದ್ದರು. ನಮ್ಮ ಮನೆಯಲ್ಲೇ ಇದರ ಬಗ್ಗೆ ರಾತ್ರಿ ಊಟದ ಹೊತ್ತಿಗೆ ಜಗಳ ಆಗುತ್ತಿತ್ತು. ಆದರೆ ವಿರೋಧ ಅಷ್ಟು ತೀವ್ರವಾಗಿ ಯಾಕೆ ಬಂತು ಅಂತ ಗೊತ್ತಾಗಬೇಕಾದರೆ ಆ ಜಾಗದ ಹಿಂದಿನ ಕಥೆ ಕೇಳಬೇಕು.

ಟೆಲಿಗ್ರಾಫ್ ಅವೆನ್ಯೂ ಪಕ್ಕ, ಹೇಸ್ಟ್ ಬೀದಿ ಮತ್ತು ಡ್ವೈಟ್ ವೇ ನಡುವೆ ಇರುವ 2.8 ಎಕರೆ ಜಾಗ ಅದು. ಮೊದಲು ಅಲ್ಲಿ ಪಾರ್ಕು ಇರಲಿಲ್ಲ. ಮನೆಗಳಿದ್ದವು. ಹಳೆಯ ಮರದ ಮನೆಗಳು, ವಿದ್ಯಾರ್ಥಿಗಳು ಕಡಿಮೆ ಬಾಡಿಗೆಗೆ ಇರುತ್ತಿದ್ದ ಮನೆಗಳು. ಅಲ್ಲಿ ವಿದ್ಯಾರ್ಥಿ ವಸತಿ ಕಟ್ಟಬೇಕು ಅಂತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1956ರಲ್ಲೇ ಅಂದುಕೊಂಡಿತ್ತು. 1967ರಲ್ಲಿ ಸುಮಾರು 13 ಲಕ್ಷ ಡಾಲರ್ ಕೊಟ್ಟು ಜಾಗ ತೆಗೆದುಕೊಂಡಿತು. ಮಾರಲು ಒಪ್ಪದವರ ಮನೆಯನ್ನೂ ಕಾನೂನಿನ ಬಲದಿಂದ ಪಡೆಯುವ ಅಧಿಕಾರ ಅದಕ್ಕಿತ್ತು. 1968ರಲ್ಲಿ ಬುಲ್ಡೋಜರ್ ಬಂದು ಮನೆಗಳನ್ನು ಕೆಡವಿತು. ಆಮೇಲೆ? ಕಟ್ಟಲು ದುಡ್ಡಿಲ್ಲ. ಜಾಗ ಹಾಗೇ ಬಿತ್ತು. ಮಳೆ ಬಂದರೆ ಕೆಸರು, ಕೆಸರಿನಲ್ಲಿ ಸಾಲಾಗಿ ಕಾರುಗಳು.

ಜನ ಇರುತ್ತಿದ್ದ ಮನೆ ಕೆಡವಿ ಹಾಳು ಬಿಟ್ಟದ್ದು ವಿಶ್ವವಿದ್ಯಾಲಯವೇ. ಐವತ್ತು ವರ್ಷ ಆದಮೇಲೆ ಅದೇ ಬಂದು 'ಮನೆ ಕಟ್ಟಬೇಕು, ದಾರಿ ಬಿಡಿ' ಅಂದರೆ ಜನ ಹೇಗೆ ನಂಬಬೇಕು? ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

1969ರ ಏಪ್ರಿಲ್ 20, ಒಂದು ಭಾನುವಾರ. ನೂರಕ್ಕೂ ಹೆಚ್ಚು ಜನ ಗುದ್ದಲಿ, ಸಸಿ, ಹುಲ್ಲಿನ ಹಾಸು ಹಿಡಿದು ಆ ಕೆಸರಿಗೆ ಇಳಿದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮುಂದಿನ ವಾರಗಳಲ್ಲಿ ಸಾವಿರಾರು ಜನ ಕೈ ಜೋಡಿಸಿದರು. ಗಿಡ ನೆಟ್ಟರು, ಬೆಂಚು ಮಾಡಿದರು, ಮಕ್ಕಳಿಗೆ ಆಟದ ಜಾಗ ಮಾಡಿದರು, ಅಲ್ಲೇ ಒಲೆ ಹೂಡಿ ಅಡುಗೆ ಮಾಡಿ ಹಂಚಿ ತಿಂದರು. ಜನರೇ ಮಾಡಿದ್ದು, ಅದಕ್ಕೇ ಪೀಪಲ್ಸ್ ಪಾರ್ಕ್.

ಅದು ಒಂದು ತಿಂಗಳೂ ನೆಮ್ಮದಿಯಾಗಿ ಉಳಿಯಲಿಲ್ಲ. ಆಗಿನ ಕ್ಯಾಲಿಫೋರ್ನಿಯಾ ಗವರ್ನರ್ ರೊನಾಲ್ಡ್ ರೇಗನ್ ಇದನ್ನು ಒಪ್ಪಲಿಲ್ಲ. ಮೇ 15ರಂದು ಬೆಳಕು ಹರಿಯುವ ಮೊದಲೇ ಪೊಲೀಸರು ಬಂದರು, ಗಿಡಗಳನ್ನು ಕಿತ್ತರು, ಸುತ್ತ ಎಂಟು ಅಡಿ ಎತ್ತರದ ಬೇಲಿ ಎದ್ದಿತು. ಮಧ್ಯಾಹ್ನ ಕ್ಯಾಂಪಸ್ಸಿನಲ್ಲಿ ಸಭೆ ಸೇರಿದ ಜನ ಪಾರ್ಕಿನ ಕಡೆ ನಡೆದರು. ಕಲ್ಲುಗಳು ಬಿದ್ದವು, ಅಶ್ರುವಾಯು ಬಂತು, ಆಮೇಲೆ ಶೆರಿಫ್ (ಜಿಲ್ಲೆಯ ಪೊಲೀಸ್ ಮುಖ್ಯಸ್ಥ) ಕಡೆಯವರ ಬಂದೂಕುಗಳು. ಮಹಡಿಯ ಮೇಲೆ ನಿಂತು ನೋಡುತ್ತಿದ್ದ ಜೇಮ್ಸ್ ರೆಕ್ಟರ್ ಅನ್ನುವ 25 ವರ್ಷದ ಹುಡುಗನಿಗೆ ಗುಂಡು ತಗುಲಿತು. ನಾಲ್ಕು ದಿನ ಆದಮೇಲೆ ಸತ್ತ. ಅಲನ್ ಬ್ಲಾಂಚರ್ಡ್ ಅನ್ನುವವರ ಎರಡೂ ಕಣ್ಣು ಹೋದವು. ಊರಿಗೆ ನ್ಯಾಷನಲ್ ಗಾರ್ಡ್ ಅನ್ನುವ ಸೇನಾ ಪಡೆ ಬಂತು. ಮೇ 20ರಂದು ಕ್ಯಾಂಪಸ್ಸಿನ ಮೇಲೆ ಹೆಲಿಕಾಪ್ಟರಿನಿಂದ ಅಶ್ರುವಾಯು ಸುರಿದರು. ಅದೇ ದಿನಗಳಲ್ಲಿ ವಿದ್ಯಾರ್ಥಿಗಳ ಮತ ಕೇಳಿದಾಗ ಪಾರ್ಕು ಉಳಿಯಲಿ ಅಂದವರು 12,719, ಬೇಡ ಅಂದವರು 2,175.

ಇಷ್ಟೆಲ್ಲ ಆದ ಜಾಗ ಅದು. 2022ರ ಮೇ ತಿಂಗಳಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು. ಆದರೆ ಆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡ ಕಟ್ಟುವುದು ನಿಲ್ಲುವುದಿಲ್ಲ.

ಹಾಗಂತ ನಾನು ನೋಡಿದ ಪಾರ್ಕು ಹಳೆಯ ಫೋಟೋಗಳಲ್ಲಿ ಇದ್ದ ಹಾಗೆ ಇರಲಿಲ್ಲ. ಟೆಂಟುಗಳು ಜಾಸ್ತಿ. ಮನೆ ಇಲ್ಲದವರು, ಮಾನಸಿಕ ಕಾಯಿಲೆ ಇದ್ದವರು, ಮಾದಕ ವಸ್ತುವಿಗೆ ಬಿದ್ದವರು. ಸಂಜೆ ಮೇಲೆ ನನ್ನ ಗೆಳತಿಯರು ಆ ಬದಿಯ ಫುಟ್‌ಪಾತ್ ಬಿಟ್ಟು ಎದುರಿನದರಲ್ಲಿ ನಡೆಯುತ್ತಿದ್ದರು. ಅವರ ಹೆದರಿಕೆ ಸುಳ್ಳಲ್ಲ. ಆದರೆ ಅಲ್ಲೇ ಮಧ್ಯಾಹ್ನ ಬಿಟ್ಟಿ ಊಟ ಬಡಿಸುವ ಸ್ವಯಂಸೇವಕರೂ ಇದ್ದರು. ನಾನು ಕೆಲವು ದಿನ ಪಾತ್ರೆ ತೊಳೆಯಲು ಹೋಗಿದ್ದೆ. ಒಬ್ಬ ಮುದುಕ ಪ್ರತಿಸಲ ನನ್ನ ಊರು ಯಾವುದು ಅಂತ ಕೇಳುತ್ತಿದ್ದ. 'ತಿಪಟೂರು' ಅಂತ ಹೇಳಿಸಿಕೊಂಡು, ತಾನೂ ಒಂದು ಸಲ ಹೇಳಿ ನೋಡುತ್ತಿದ್ದ.

ವಿಶ್ವವಿದ್ಯಾಲಯದ ಯೋಜನೆ ಬರೀ ದುರಾಸೆ ಅಂತ ನಾನು ಹೇಳುವುದಿಲ್ಲ. ಸುಮಾರು 1,100 ವಿದ್ಯಾರ್ಥಿಗಳಿಗೆ ಹಾಸಿಗೆ, ಮನೆ ಇಲ್ಲದವರಿಗೆ ಬೇರೆಯೇ ಒಂದು ಕಟ್ಟಡ, ಅರ್ಧಕ್ಕಿಂತ ಜಾಸ್ತಿ ಜಾಗ ಬಯಲಾಗೇ ಉಳಿಯುತ್ತದೆ. ಕಟ್ಟುವ ಮೊದಲು ಅಲ್ಲಿದ್ದವರಿಗೆ ಮೋಟೆಲ್ ರೂಮುಗಳನ್ನೂ ಕೊಡಲಾಯಿತು. ನಾಲ್ಕರಲ್ಲಿ ಒಬ್ಬ ವಿದ್ಯಾರ್ಥಿಗೂ ಹಾಸಿಗೆ ಕೊಡಲಾಗದ ಕ್ಯಾಂಪಸ್ಸಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಈ ಯೋಜನೆಯ ವಿರುದ್ಧ ಕೋರ್ಟಿಗೆ ಹೋದವರು ಅಕ್ಕಪಕ್ಕದ ನಿವಾಸಿಗಳು ಮತ್ತು ಪಾರ್ಕಿನ ಇತಿಹಾಸ ಉಳಿಸಬೇಕು ಅನ್ನುವವರು. 2023ರ ಫೆಬ್ರವರಿಯಲ್ಲಿ ಮೇಲ್ಮನವಿ ಕೋರ್ಟು ಅವರ ಪರವಾಗಿ ಹೇಳಿತು. ಅದಕ್ಕೆ ಕೊಟ್ಟ ಒಂದು ಕಾರಣ ನನಗೆ ಇವತ್ತಿಗೂ ಚುಚ್ಚುತ್ತದೆ: ಇಲ್ಲಿ ಬಂದು ಇರುವ ವಿದ್ಯಾರ್ಥಿಗಳು ಮಾಡುವ ಗದ್ದಲದಿಂದ ಪರಿಸರಕ್ಕೆ ಏನಾಗುತ್ತದೆ ಅಂತ ವಿಶ್ವವಿದ್ಯಾಲಯ ಸರಿಯಾಗಿ ನೋಡಿಲ್ಲ. ಅಂದರೆ ನಾವು ಮಾತಾಡುವುದು, ನಗುವುದು ಮಾಲಿನ್ಯ! ಪಾರ್ಕು ಉಳಿಯಬೇಕು ಅಂತ ಬಯಸಿದ ನನಗೂ ಆ ಗೆಲುವು ಬೇಡವಾಗಿತ್ತು. ಬೇರೆ ಜಾಗಗಳನ್ನು ಸರಿಯಾಗಿ ಯಾಕೆ ಪರಿಶೀಲಿಸಲಿಲ್ಲ ಅನ್ನುವ ಇನ್ನೊಂದು ಕಾರಣವನ್ನೂ ಕೋರ್ಟು ಕೊಟ್ಟಿತ್ತು. ನನ್ನ ಪ್ರಕಾರ ಅದೇ ನಿಜವಾದ ಪ್ರಶ್ನೆ. ಅದೇ ವರ್ಷ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಹೊಸ ಕಾನೂನು ಈ ಎರಡೂ ಕಾರಣಗಳಿಗೆ ಬಾಗಿಲು ಮುಚ್ಚಿತು. 2024ರ ಜೂನ್ 6ರಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ವಿಶ್ವವಿದ್ಯಾಲಯದ ಪರ ತೀರ್ಪು ಕೊಟ್ಟಿತು.

ಆದರೆ ತೀರ್ಪಿಗೂ ಐದು ತಿಂಗಳ ಮುಂಚೆಯೇ, ಜನವರಿ 4ರ ನಡುರಾತ್ರಿ, ವಿದ್ಯಾರ್ಥಿಗಳು ರಜೆಗೆ ಹೋಗಿದ್ದಾಗ, ನೂರಾರು ಪೊಲೀಸರು ಬಂದು ಪಾರ್ಕನ್ನು ಖಾಲಿ ಮಾಡಿಸಿದರು. ಸುಮಾರು 160 ಹಡಗಿನ ಕಂಟೇನರುಗಳನ್ನು ಒಂದರ ಮೇಲೊಂದು ಇಟ್ಟು ಸುತ್ತಲೂ ಗೋಡೆ ಕಟ್ಟಿದರು. ನಾನು ಆಗ ಆ ಊರು ಬಿಟ್ಟಾಗಿತ್ತು. ಗೆಳೆಯ ಕಳಿಸಿದ ವಿಡಿಯೋ ನೋಡುತ್ತಾ ಕೂತೆ. 1969ರಲ್ಲೂ ಕತ್ತಲಲ್ಲೇ ಬಂದಿದ್ದರು, ಅಲ್ವಾ? ಮನೆ ಕಟ್ಟಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಕತ್ತಲಲ್ಲಿ ಬಂದು ಗೋಡೆ ಹಾಕಿದ್ದನ್ನು ಒಪ್ಪಲಾರೆ. ಬೇರೆ ಜಾಗಗಳಲ್ಲಿ ಮೊದಲು ಕಟ್ಟಿ, ಕೊನೆಗೂ ಸಾಲದೆ ಇಲ್ಲಿಗೆ ಬಂದಿದ್ದರೆ ನನ್ನಂಥವರು ಪರವಾಗಿ ನಿಲ್ಲುತ್ತಿದ್ದೆವು.

ಈಗ ನಿಮ್ಮ ತಂಗಿಯ ವಿಷಯ. ಅರ್ಜಿ ಹಾಕಲಿ, ಖಂಡಿತ ಹಾಕಲಿ. ಹಾಲಿನ ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಓದುವ ಕಷ್ಟ ಅವಳಿಗೆ ಬೇಡ. ಆ ಜಾಗದ ಜಗಳ ಹದಿನೆಂಟು ವರ್ಷದ ಹುಡುಗಿ ತೀರಿಸಬೇಕಾದ ಸಾಲವೂ ಅಲ್ಲ. ಊರಿಗೆ ಹೋದ ಮೊದಲ ವಾರ ಹೇಸ್ಟ್ ಮತ್ತು ಟೆಲಿಗ್ರಾಫ್ ಸೇರುವ ಮೂಲೆಗೆ ಒಮ್ಮೆ ಹೋಗಲು ಹೇಳಿ. ಅಲ್ಲಿ ಒಂದು ಗೋಡೆಯ ಮೇಲೆ 1976ರಲ್ಲಿ ಬಿಡಿಸಿದ ದೊಡ್ಡ ಚಿತ್ರ ಇದೆ, ಆ ಬೀದಿಯ ಕಥೆಯೆಲ್ಲ ಅದರಲ್ಲಿದೆ. ಹಗಲು ಹೊತ್ತಲ್ಲಿ, ನಿಧಾನವಾಗಿ ನೋಡಲಿ. ಅಲ್ಲಿಂದ ಪಾರ್ಕಿನ ಜಾಗಕ್ಕೆ ಎರಡು ನಿಮಿಷ ಕೂಡ ಆಗುವುದಿಲ್ಲ.