ಗಿರಾಕಿ ಆದರೆ ಸಾಲದೇ?

ನಮಸ್ಕಾರ. ನಿಮ್ಮ ಪತ್ರ ಖಾರವಾಗಿದೆ, ಅದಕ್ಕೇ ಇಷ್ಟವಾಯಿತು. ನೀರು, ಆಸ್ಪತ್ರೆ, ಬಸ್ಸು, ವಸತಿಯಂಥ ಸೇವೆಗಳನ್ನು ಎಲ್ಲರೂ ಸೇರಿ ನಡೆಸಿಕೊಂಡರೆ ಪೌರತ್ವಕ್ಕೆ ಮತ್ತೆ ಜೀವ ಬರುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ‘ದುಡ್ಡು ಕೊಡುತ್ತೇನೆ, ನಲ್ಲಿಯಲ್ಲಿ ನೀರು ಬರಬೇಕು, ಅಷ್ಟೇ. ಸುಮ್ನೆ ಪೌರತ್ವದ ಮಾತು ಯಾಕೆ?’ ಎಂದು ಕೇಳಿದ್ದೀರಿ.

ನೀರು ಬರುವವರೆಗೆ ನಿಮ್ಮ ಮಾತು ಸರಿ. ಬಾರದಿದ್ದಾಗ? ಗಿರಾಕಿಯ ಬಲವೆಲ್ಲ ಇರುವುದು ಬಿಟ್ಟು ಹೋಗುವುದರಲ್ಲಿ. ಈ ಪತ್ರಿಕೆ ಹಿಡಿಸದಿದ್ದರೆ ಚಂದಾ ನಿಲ್ಲಿಸಬಹುದು (ನೀವೇ ಹಾಗೆ ಹೆದರಿಸಿದ್ದೀರಿ!). ಆದರೆ ಮನೆಗೆ ಬರುವ ನೀರಿನ ಪೈಪು ಒಂದೇ. ಇಂಗ್ಲೆಂಡಿನಲ್ಲಿ 1989ರಲ್ಲಿ ನೀರು ಸರಬರಾಜನ್ನು ಖಾಸಗಿಗೆ ಮಾರಿದರು. ಇವತ್ತಿಗೂ ಅಲ್ಲಿನ ಮನೆಯವರು ತಮ್ಮ ಪ್ರದೇಶದ ಕಂಪನಿ ಬೇಡವೆಂದು ಇನ್ನೊಂದನ್ನು ಆರಿಸಿಕೊಳ್ಳುವಂತಿಲ್ಲ. ಬಿಟ್ಟು ಹೋಗಲಾಗದವರಿಗೆ ಉಳಿಯುವುದು ದೂರು ಮಾತ್ರ. ಆ ದೂರಿಗೆ ತೂಕ ಬರಬೇಕಾದರೆ, ತೀರ್ಮಾನ ಮಾಡುವ ಕಡೆ ಅವರಿಗೂ ಜಾಗ ಇರಬೇಕು. ನಾವು ಪೌರತ್ವ ಅಂದಿದ್ದು ಇದಕ್ಕೇ.

ಇದೇನೂ ಎಡಪಂಥದವರು ಮಾತ್ರ ಆಡಿದ ಮಾತಲ್ಲ. 1873ರಲ್ಲಿ ಬರ್ಮಿಂಗ್‌ಹ್ಯಾಮ್ ಮೇಯರ್ ಆದ ಜೋಸೆಫ್ ಚೇಂಬರ್ಲೇನ್ ಸ್ಕ್ರೂ ತಯಾರಿಸಿ ಶ್ರೀಮಂತರಾದವರು. ಅವರ ಕಾಲದಲ್ಲಿ ನಗರಾಡಳಿತ ಗ್ಯಾಸ್ ಕಂಪನಿಗಳನ್ನೂ ನೀರಿನ ಕಂಪನಿಯನ್ನೂ ಕೊಂಡುಕೊಂಡಿತು. ಗ್ಯಾಸಿನ ಲಾಭ ಊರಿನ ಕೆಲಸಕ್ಕೆ ಬರಲಿ, ನೀರಿನಲ್ಲಿ ಮಾತ್ರ ಲಾಭ ನೋಡುವುದು ಬೇಡ ಎಂಬುದು ಆ ವ್ಯಾಪಾರಿಯ ಲೆಕ್ಕ.

‘ಸರ್ಕಾರಿ ಕೌಂಟರಿನ ಮುಂದೆ ನಿಂತರೆ ಈ ಹುಮ್ಮಸ್ಸೆಲ್ಲ ಇಳಿಯುತ್ತದೆ’ ಎಂದೂ ಬರೆದಿದ್ದೀರಿ. ಈ ಮಾತನ್ನು ತಳ್ಳಿಹಾಕಲಾರೆ. ಉಪಕಾರ ಮಾಡುವವರಂತೆ ಮಾತಾಡುವ ಅಧಿಕಾರಿಯ ಮುಂದೆ ನಾವು ಗಿರಾಕಿಯೂ ಅಲ್ಲ, ಪೌರರೂ ಅಲ್ಲ, ಬೇಡುವವರು. ಬೋರ್ಡಿನ ಮೇಲೆ ‘ಸಾರ್ವಜನಿಕ’ ಎಂದು ಬರೆದ ಮಾತ್ರಕ್ಕೆ ಏನೂ ಬದಲಾಗದು. ಪ್ಯಾರಿಸ್ ನೆನಪಾಗುವುದು ಇಲ್ಲೇ. ಅಲ್ಲಿ 1985ರಿಂದ ನೀರು ಹಂಚುವ ಕೆಲಸ ಎರಡು ಖಾಸಗಿ ಕಂಪನಿಗಳ ಕೈಯಲ್ಲಿತ್ತು. ಸೇನ್ ನದಿಯ ಬಲದಂಡೆ ಒಬ್ಬರಿಗೆ, ಎಡದಂಡೆ ಇನ್ನೊಬ್ಬರಿಗೆ. 2010ರಲ್ಲಿ ನಗರಾಡಳಿತ ಅದನ್ನು ತನ್ನದೇ ಸಂಸ್ಥೆಗೆ ವಾಪಸ್ ತೆಗೆದುಕೊಂಡಿತು. ಮರುವರ್ಷ ನೀರಿನ ದರ ಶೇ. 8ರಷ್ಟು ಇಳಿಯಿತು. ಎಲ್ಲರೂ ಈ ಅಂಕಿಯನ್ನೇ ಹೇಳುತ್ತಾರೆ. ನನಗೆ ಮುಖ್ಯ ಅನಿಸುವುದು ಬೇರೆ: ಆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ನೌಕರರ, ಬಳಕೆದಾರರ ಪ್ರತಿನಿಧಿಗಳೂ ಕೂರುತ್ತಾರೆ. ನೀರಿನ ವಿಷಯಕ್ಕೆಂದೇ ಜನ ಬಂದು ಪ್ರಶ್ನೆ ಕೇಳುವ ಒಂದು ವೇದಿಕೆಯೂ ಇದೆ. ದರ ನಾಳೆ ಏರಲೂಬಹುದು. ಯಾಕೆ ಏರಿತು ಎಂದು ಕೇಳಲು ಜಾಗ ಇರುತ್ತದೆ.

ಇನ್ನೊಂದು ವಿಷಯವನ್ನು ನೀವು ಮುಟ್ಟಿಲ್ಲ. ಅನುಕೂಲಸ್ಥರು ಒಬ್ಬೊಬ್ಬರಾಗಿ ಹೊರಗೆ ಹೋದರೆ ಹಂಚಿಕೊಂಡ ಸೇವೆ ಬೇಗ ಹಾಳಾಗುತ್ತದೆ, ಯಾಕೆಂದರೆ ಯಾರ ದೂರಿಗೆ ಕಚೇರಿಗಳು ಕಿವಿಗೊಡುತ್ತವೋ ಅವರೇ ಅಲ್ಲಿರುವುದಿಲ್ಲ. ವಿಯೆನ್ನಾ ನಗರ 1920ರ ದಶಕದಿಂದ ತಾನೇ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಿದೆ. ಇವತ್ತು ಊರಿನ ಸುಮಾರು ಅರ್ಧ ಜನ ನಗರದ ಮನೆಗಳಲ್ಲಿ ಅಥವಾ ನೆರವು ಪಡೆದು ಕಟ್ಟಿದ ಮನೆಗಳಲ್ಲಿದ್ದಾರೆ. ಆದಾಯದ ಮಿತಿಯನ್ನು ಬೇಕೆಂದೇ ಎತ್ತರದಲ್ಲಿ ಇಟ್ಟಿದ್ದಾರೆ. ಹಾಗಾಗಿ ಮಧ್ಯಮ ವರ್ಗದವರೂ ಅಲ್ಲೇ ಇದ್ದಾರೆ. ಲಿಫ್ಟು ಕೆಟ್ಟರೆ ಎಲ್ಲರಿಗೂ ಕೆಟ್ಟಂತೆ.

‘ಹಾಗಾದರೆ ಎಲ್ಲವನ್ನೂ ಸರ್ಕಾರವೇ ನಡೆಸಲಿ ಅಂತೀರಾ?’ ಇಲ್ಲ. ಬಟ್ಟೆ, ಫೋನು, ಪತ್ರಿಕೆಗಳಿಗೆ ಮಾರುಕಟ್ಟೆ ಸಾಕು.

ಸಾರ್ವಜನಿಕ ಸೇವೆ ಎಂದರೆ ಸರದಿಯಲ್ಲಿ ಕಾಯುವುದು ಎಂಬ ದೂರಿನ ಬಗ್ಗೆ ಒಂದು ಮಾತು. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಶುರುವಾಯಿತು. ಅಲ್ಲಿ ಚಿಕಿತ್ಸೆಗೆ ಕಾಯುವವರ ಪಟ್ಟಿ ಉದ್ದವಿದೆ, ನಿಜ. ಆದರೆ ಆ ಪಟ್ಟಿ ಎಷ್ಟು ಉದ್ದ ಎಂಬುದು ಪ್ರಕಟವಾಗುತ್ತದೆ, ಚುನಾವಣೆಯಲ್ಲಿ ಜಗಳದ ವಿಷಯವಾಗುತ್ತದೆ. ಬಿಲ್ಲಿಗೆ ಹೆದರಿ ಖಾಸಗಿ ಆಸ್ಪತ್ರೆಗೆ ಕಾಲಿಡದೇ ಇದ್ದವರ ಪಟ್ಟಿಯನ್ನು ಆ ಆಸ್ಪತ್ರೆ ಇಟ್ಟುಕೊಂಡಿರುವುದಿಲ್ಲ.

— ಸಂಪಾದಕ