ಟ್ರೇಸಿ ಮೈಕ್‌ಗೆ ಒಲ್ಲೆ ಅಂದಿದ್ದೇಕೆ?

‘ದ ಫಿಲಡೆಲ್ಫಿಯಾ ಸ್ಟೋರಿ’ (1940) ನೋಡಿ, ಪತ್ರಕರ್ತ ಮೈಕ್ ಅಷ್ಟು ಮನಸಾರೆ ಮದುವೆ ಆಗೋಣ ಅಂದರೂ ನಾಯಕಿ ಟ್ರೇಸಿ ಯಾಕೆ ಒಪ್ಪಲಿಲ್ಲ ಅಂತ ಕೇಳಿದ್ದೀರಿ. ಉತ್ತರ ಇರುವುದು ಮೈಕ್‌ನನ್ನು ಪ್ರೀತಿಸುವ ಫೋಟೋಗ್ರಾಫರ್ ಲಿಜ್ ಬಳಿ. ಮೈಕ್ ಇನ್ನೂ ಕಲಿಯೋದು ಬಹಳ ಇದೆ, ಅಲ್ಲಿಯವರೆಗೆ ಅವನಿಗೆ ಅಡ್ಡ ಬರಲ್ಲ ಅಂತ ಅವಳು ಟ್ರೇಸಿಯ ಮಾಜಿ ಗಂಡ ಡೆಕ್ಸ್ಟರ್‌ಗೆ ಹೇಳುವ ಮಾತನ್ನು ಇನ್ನೊಮ್ಮೆ ಕೇಳಿ. ಟ್ರೇಸಿ ಒಲ್ಲೆ ಅನ್ನುವಾಗ ಮೊದಲು ತೆಗೆಯುವುದು ಲಿಜ್ ಹೆಸರನ್ನೇ. ಇನ್ನೊಬ್ಬರ ಮನಸ್ಸು ಟ್ರೇಸಿಗೆ ಕಾಣಿಸಿದ್ದು ಆಗಲೇ. ಚಿತ್ರದ ಜೀವ ಅದು.

ಇನ್ನು ಡೆಕ್ಸ್ಟರ್. ಟ್ರೇಸಿ ಇನ್ನೊಬ್ಬನನ್ನು ಮದುವೆಯಾಗಲು ಹೊರಟಾಗ ಅವನು ಉಡುಗೊರೆ ತರುವುದು, ತಾವಿಬ್ಬರೂ ಮಧುಚಂದ್ರಕ್ಕೆ ಹೋಗಿದ್ದ ‘ಟ್ರೂ ಲವ್’ ದೋಣಿಯ ಪುಟ್ಟ ಮಾದರಿ. ಈಜುಕೊಳದಲ್ಲಿ ಅದು ತೇಲುವಾಗ ಟ್ರೇಸಿ ಆಗಿರುವ ಕ್ಯಾಥರೀನ್ ಹೆಪ್‌ಬರ್ನ್ ಮುಖ ನೋಡಿ! ಗಡಸುತನವೆಲ್ಲ ಇಳಿದು, ಹಳೆಯದೇನೋ ನೆನಪಾದ ಹುಡುಗಿ. ಅವಳ ಮನಸ್ಸು ಇನ್ನೂ ಡೆಕ್ಸ್ಟರ್ ಬಳಿಯೇ ಇದೆ ಅಂತ ಅಲ್ಲಿಗೇ ನನಗೆ ಗೊತ್ತಾಗಿತ್ತು.

ಮೈಕ್ ಆದ ಜೇಮ್ಸ್ ಸ್ಟೀವರ್ಟ್‌ಗೆ ಆಸ್ಕರ್ ಬಂತು, ನಿಜ. ಆದರೆ ಲಿಜ್ ಆಗಿರುವ ರೂತ್ ಹಸ್ಸಿಯ ಕಣ್ಣುಗಳನ್ನೇ ಹಿಂಬಾಲಿಸುತ್ತಾ ಮತ್ತೊಮ್ಮೆ ನೋಡಿ, ದಯವಿಟ್ಟು.