ಬಸರಾಳಿನ ಬೋರ್ಡಿಗೆ ಏನು ಬರೆಯಬೇಕು?

ಮಂಡ್ಯ ತಾಲ್ಲೂಕಿನ ಬಸರಾಳಿನಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರಿನ ಮಲ್ಲಿಕಾರ್ಜುನ ದೇವಸ್ಥಾನಕ್ಕೆ ಹುಡುಗರೆಲ್ಲ ದುಡ್ಡು ಹಾಕಿ ರಸ್ತೆ ಬದಿ ದೊಡ್ಡ ಬೋರ್ಡು ನಿಲ್ಲಿಸುತ್ತಿದ್ದೇವೆ. 'ಜಕಣಾಚಾರಿ ಕೆತ್ತಿದ 1000 ವರ್ಷದ ದೇಗುಲ' ಅಂತ ಶುರು ಮಾಡಿ ಪೂರ್ತಿ ಇತಿಹಾಸ ಹಾಕೋಣ ಅಂತಿದೆ. ಅನುಮತಿ ಬೇಕಾಗುತ್ತಾ?"

ಬೋರ್ಡು ಖಂಡಿತ ಹಾಕಿ. ಆ ಮೊದಲ ಸಾಲು ಮಾತ್ರ ಬೇಡ.

ನಿಮ್ಮ ಗುಡಿ ಕಟ್ಟಿದ್ದು ಸುಮಾರು 1234ರಲ್ಲಿ. ಆಗ ಆಳುತ್ತಿದ್ದವನು ಹೊಯ್ಸಳ ಇಮ್ಮಡಿ ನರಸಿಂಹ, ಕಟ್ಟಿಸಿದವನು ಹರಿಹರ ದಂಡನಾಯಕ. 2034ಕ್ಕೆ 800 ತುಂಬುತ್ತದೆ, ಅದೇನು ಕಡಿಮೆ ವಯಸ್ಸೇ? ಸುಮ್ನೆ 200 ವರ್ಷ ಯಾಕೆ ಸೇರಿಸಬೇಕು? ಇನ್ನು ಜಕಣಾಚಾರಿ. ಹೊಯ್ಸಳರ ಯಾವ ಗುಡಿ ಕಂಡರೂ ನಾವು ಅವನ ಹೆಸರೇ ಹೇಳಿಬಿಡುತ್ತೇವೆ, ಕತೆಯಾಗಿ ಕೇಳೋಕೆ ಅದು ಚೆನ್ನಾಗಿಯೂ ಇದೆ, ಆದರೆ ಆ ಕಾಲದ ಶಿಲ್ಪಿಗಳು ಎಷ್ಟೋ ಕಡೆ ತಮ್ಮ ಹೆಸರನ್ನು ತಾವೇ ಕೆತ್ತಿಟ್ಟು ಹೋಗಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಅನ್ನುವ ಹೆಸರು ಮೂರ್ತಿಗಳ ಕೆಳಗೇ ಇದೆ. ನುಗ್ಗೇಹಳ್ಳಿಯಲ್ಲೂ ಇದೆ. ಅವರ ಕೆಲಸವನ್ನೆಲ್ಲ ಒಬ್ಬನ ಲೆಕ್ಕಕ್ಕೆ ಬರೆಯುವುದು ಅನ್ಯಾಯ ಅಲ್ವಾ?

ಪೂರ್ತಿ ಇತಿಹಾಸವಂತೂ ರಸ್ತೆಗೆ ಬೇಡವೇ ಬೇಡ. ಬೈಕಿನಲ್ಲಿ ಹೋಗುವವನು ನಾಲ್ಕೈದು ಪದ ಓದಿದರೆ ಜಾಸ್ತಿ. ಅಲ್ಲಿ ದೇವಸ್ಥಾನದ ಹೆಸರು, ಇಸವಿ, ಬಾಣದ ಗುರುತು, ಎಷ್ಟು ದೂರ, ಇಷ್ಟು ಸಾಕು. ಬೇಕಾದರೆ ಗುಡಿ ಹತ್ತಿರ ಇನ್ನೊಂದು ಹಾಕಿ, ಬರಹಕ್ಕೆ ಜಾಗ ಅಲ್ಲಿದೆ. ಅದರಲ್ಲೂ ಬರೀ ರಾಜರ ಹೆಸರು ತುಂಬಿಸಬೇಡಿ. ಏನು ನೋಡಬೇಕು ಅಂತ ಹೇಳಿ: ಗರ್ಭಗುಡಿ ಮೂರಿದ್ದರೂ ಶಿಖರ ಇರುವುದು ನಡುವಿನದಕ್ಕೆ ಮಾತ್ರ. ಹೊರಗೋಡೆಯಲ್ಲಿ ಅಂಧಕಾಸುರನ ತಲೆ ಮೇಲೆ ಕುಣಿಯುವ ಹದಿನಾರು ಕೈಯ ಶಿವ ಇದ್ದಾನೆ, ಕೈಲಾಸ ಎತ್ತುತ್ತಿರುವ ರಾವಣ ಇದ್ದಾನೆ, ಮೀನಿಗೆ ಗುರಿಯಿಟ್ಟು ಗೆದ್ದ ಅರ್ಜುನನಿಗೆ ಮಾಲೆ ಹಾಕಲು ಧಾವಿಸುವ ದ್ರೌಪದಿಯೂ ಇದ್ದಾಳೆ. ಯಾರೂ ತೋರಿಸದಿದ್ದರೆ ಬಂದವರು ಇವನ್ನೆಲ್ಲ ದಾಟಿಕೊಂಡು ಹೋಗಿ, ಸೆಲ್ಫಿ ತೆಗೆದು ವಾಪಸ್ ಹೊರಡುತ್ತಾರೆ.

ಅನುಮತಿ ಬೇಕು. ರಸ್ತೆ ಬದಿಯ ಬೋರ್ಡಿಗೆ ಆ ರಸ್ತೆ ಯಾರದೋ ಅವರನ್ನು ಕೇಳಿ, ಲೋಕೋಪಯೋಗಿ ಇಲಾಖೆಯೋ ಪಂಚಾಯಿತಿಯೋ. ಗುಡಿ ಹತ್ತಿರದ್ದು ಸ್ವಲ್ಪ ಸೂಕ್ಷ್ಮ. ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಸುತ್ತ 100 ಮೀಟರ್ ಒಳಗೆ ಹೊಸದಾಗಿ ಏನನ್ನೂ ಕಟ್ಟುವ ಹಾಗಿಲ್ಲ. ಅದಾದ ಮೇಲೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ಕಂಬಕ್ಕೆ ಗುಂಡಿ ತೋಡುವ ಮೊದಲೇ ಇಲಾಖೆಗೆ ಒಂದು ಅರ್ಜಿ ಕೊಡಿ.

ಕೊನೆಗೆ, ದಾನಿಗಳ ಹೆಸರು. ಹಾಕಿ, ತಪ್ಪಿಲ್ಲ, ಆದರೆ ಕೆಳಗೆ ಸಣ್ಣದಾಗಿ. ಮುಖಂಡರ ಫೋಟೊ ಬೇಡ. ಪೇಂಟರ್‌ಗೆ ಕೊಡುವ ಮುಂಚೆ ಬರಹವನ್ನು ನಮಗೆ ಕಳಿಸಿದರೆ ಕಾಗುಣಿತ ನೋಡಿಕೊಡುತ್ತೇವೆ.

– ಸಂ.